ಗಲ್ಲಿಯ ಮೇಲಿನ 87 ಕಿಲೊಮೀಟರ್

ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಆಕಾಶಕ್ಕೆ ಅಗಲವಿಲ್ಲ, ಉದ್ದ ಮಾತ್ರ. ಎರಡೂ ಬದಿಯ ಹಳೆಯ ಮನೆಗಳು ಒಂದರತ್ತ ಒಂದು ಬಾಗಿ ನಿಂತಿವೆ. ನಡುವೆ ಉಳಿದಿರುವುದು ಪಂಚೆಯ ಅಂಚಿನಷ್ಟು ಸೀಳು. ಆ ಸೀಳನ್ನೂ ವಿದ್ಯುತ್ ತಂತಿಗಳು ಹಂಚಿಕೊಂಡಿವೆ. ಡಿಸೆಂಬರಿನ ಒಂದು ಬೆಳಗಿನ ಜಾವ ಮಂಗಳಾರತಿಯ ಸಾಲಿನಲ್ಲಿ ನಿಂತಿದ್ದೆ. ಮೊಬೈಲನ್ನು ಅಂಗಡಿಯೊಂದರ ಲಾಕರಿಗೆ ಒಪ್ಪಿಸಿ ಬಂದಿದ್ದರಿಂದ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ತಲೆಯೆತ್ತಿ ಆ ಸೀಳನ್ನೇ ನೋಡುತ್ತಿದ್ದೆ. ಹಿಂದೆ ಹಾವೇರಿ ಕಡೆಯ ಒಬ್ಬ ಅಜ್ಜಿ ನಿಂತಿದ್ದರು. ಜಂಗಮವಾಡಿ ಮಠದಲ್ಲಿ ಇಳಿದುಕೊಂಡಿದ್ದವರು.

“ಏನ್ ನೋಡಾಕತ್ತೀಯಪಾ, ಏನೈತಿ ಅಲ್ಲಿ?”

“ಬೆಳಕೈತ್ರೀ, ಅಮ್ಮಾರ.”

“ಕರೆಂಟಿಂದೇನು?”

“ಅಲ್ರೀ, ಗಾಳೀದು. ಮ್ಯಾಲೆ ಎಂಬತ್ತೇಳು ಕಿಲೊಮೀಟರ್‌ನಾಗ ಗಾಳಿ ತಾನೇ ಬೆಳಗತೈತಿ. ಅಲ್ಲಿ ಥಂಡಿ ಎಷ್ಟೈತಿ ಅಂತ ಆ ಬೆಳಕೇ ಹೇಳತೈತಿ.”

ಅಜ್ಜಿ ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು ಒಂದೇ ಪ್ರಶ್ನೆ ಕೇಳಿದರು: “ಯಾರ್ ಹೋಗಿ ನೋಡಿ ಬಂದಾರ?” ಅಷ್ಟರಲ್ಲಿ ಸಾಲು ಮುಂದಕ್ಕೆ ಸರಿಯಿತು. ಉತ್ತರ ಹೇಳಲಾಗಲಿಲ್ಲ. ಈ ಅಧ್ಯಾಯವನ್ನು ಅವರಿಗೆ ಹೇಳುತ್ತಿದ್ದೇನೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಹೋಗಿ ನೋಡಿ ಬಂದವರು ನಿಜಕ್ಕೂ ಕಡಿಮೆ. 87 ಕಿಲೊಮೀಟರ್ ಎಂದರೆ ದೂರವೇನಲ್ಲ. ಕಾಶಿಯಿಂದ ಪ್ರಯಾಗಕ್ಕೆ ಹೋಗುವುದಕ್ಕಿಂತ ಹತ್ತಿರ. ಆದರೆ ಅದು ಯಾವ ವಾಹನವೂ ತಂಗಲಾರದ ಎತ್ತರ. ಹವಾಮಾನ ಇಲಾಖೆಯ ಬಲೂನುಗಳು 30-35 ಕಿಲೊಮೀಟರಿಗೆ ಒಡೆಯುತ್ತವೆ. ಉಪಗ್ರಹವೊಂದು 150 ಕಿಲೊಮೀಟರಿಗಿಂತ ಕೆಳಗಿಳಿದರೆ ಗಾಳಿಯ ಎಳೆತಕ್ಕೆ ಸಿಕ್ಕಿ ಉರಿದುಹೋಗುತ್ತದೆ. ಬಲೂನಿಗೆ ಗಾಳಿ ಸಾಲದು, ಉಪಗ್ರಹಕ್ಕೆ ಗಾಳಿ ಹೆಚ್ಚು. ಶಾಲೆಯ ಪುಸ್ತಕದಲ್ಲಿ ಓದಿದ ಮಧ್ಯಂತರ ಮಂಡಲದ ಮೇಲಂಚು ಇದೇ. ಅಲ್ಲಿಗೆ ಹೋಗಬಲ್ಲದ್ದು ರಾಕೆಟ್ ಒಂದೇ. ಅದೂ ನಮ್ಮ ಮದುವೆ ಮನೆಯ ಕಾಶೀಯಾತ್ರೆಯ ವರನಂತೆ, ಹೊರಟಷ್ಟೇ ಬೇಗ ಮರಳುತ್ತದೆ. 1963ರ ನವೆಂಬರ್ 21ರ ಸಂಜೆ ಕೇರಳದ ತುಂಬಾದಿಂದ ಹಾರಿದ, ಭಾರತದ ನೆಲದಿಂದ ಹೊರಟ ಮೊದಲ ಸಂಶೋಧನಾ ರಾಕೆಟ್ ಮೇಲಿನ ಗಾಳಿಯಲ್ಲಿ ಸೋಡಿಯಂ ಆವಿಯನ್ನು ಚೆಲ್ಲಿತು. ಆ ಹೊಳೆಯುವ ಮೋಡ ಸರಿದ ದಿಕ್ಕನ್ನು ನೋಡಿ ಮೇಲಿನ ಗಾಳಿಯ ವೇಗವನ್ನು ಲೆಕ್ಕ ಹಾಕಿದರು. ಕೆಲವು ನಿಮಿಷಗಳ ಸುದ್ದಿ ಸಿಕ್ಕಿತು. ಆದರೆ ರಾತ್ರಿಯಿಡೀ, ವರ್ಷವಿಡೀ ಅಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ರಾಕೆಟ್ಟುಗಳ ಸಾಲನ್ನೇ ಹಾರಿಸಬೇಕು. ವಿಜ್ಞಾನಿಗಳೇ ಈ ಪದರಕ್ಕೆ ‘ಅಜ್ಞಾನ ಮಂಡಲ’ ಎಂಬರ್ಥದ ಅಡ್ಡಹೆಸರಿಟ್ಟಿದ್ದಾರೆ.

ಹೀಗೆ ಯಾರೂ ಹೋಗಿ ನಿಲ್ಲಲಾಗದ ಜಾಗ ತಾನಾಗಿಯೇ ಬೆಳಕು ಬೀರುತ್ತದೆ ಎಂಬುದು ನಮ್ಮ ಭಾಗ್ಯ. ಅದಕ್ಕೆ ವಾಯುದೀಪ್ತಿ ಎಂದು ಹೆಸರು. ಇಂಗ್ಲಿಷಿನಲ್ಲಿ ಏರ್‌ಗ್ಲೋ.

ಈ ಬೆಳಕಿಗೆ ಬೇಕಾದ ಬಂಡವಾಳ ಹೂಡುವುದು ಹಗಲಿನ ಸೂರ್ಯ. ಅದರ ಅತಿನೇರಳೆ ಕಿರಣಗಳು ಮೇಲಿನ ಗಾಳಿಯಲ್ಲಿರುವ ಆಮ್ಲಜನಕದ ಅಣುಗಳನ್ನು ಒಡೆದು ಬಿಡಿ ಪರಮಾಣುಗಳನ್ನಾಗಿ ಮಾಡುತ್ತವೆ. ನೀರಾವಿಯೂ ಒಡೆದು ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಕತ್ತಲಾದ ಮೇಲೆ ಒಂಟಿ ಆಮ್ಲಜನಕ ಪರಮಾಣು ಜೋಡಿ ಆಮ್ಲಜನಕಕ್ಕೆ ಅಂಟಿ ಓಜೋನ್ ಆಗುತ್ತದೆ. ಆ ಓಜೋನಿಗೆ ಹೈಡ್ರೋಜನ್ ಪರಮಾಣುವೊಂದು ಡಿಕ್ಕಿ ಹೊಡೆದು ಒಂದು ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಹುಟ್ಟುವುದು ಹೈಡ್ರಾಕ್ಸಿಲ್, ಅಂದರೆ ಓಎಚ್. ಈ ಕ್ರಿಯೆಯಲ್ಲಿ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬೀಳುವುದರಿಂದ ಓಎಚ್ ಹುಟ್ಟುವಾಗಲೇ ಹುಚ್ಚೆದ್ದು ಕಂಪಿಸುತ್ತಿರುತ್ತದೆ. ಆ ಕಂಪನ ಇಳಿಯುವಾಗ ಬೆಳಕು ಹೊರಬರುತ್ತದೆ. ಹೀಗೆ ಹಗಲು ಸಂಪಾದಿಸಿದ್ದನ್ನು ಆಕಾಶ ರಾತ್ರಿಯಿಡೀ ಸ್ವಲ್ಪಸ್ವಲ್ಪವಾಗಿ ಖರ್ಚು ಮಾಡುತ್ತದೆ.

ಈ ಬೆಳಕಿನ ಬಹುಪಾಲು ಕೆಂಪಿಗೂ ಆಚೆ, ಅವಕೆಂಪಿನಲ್ಲಿದೆ. ಅದು ನಮ್ಮ ಕಣ್ಣಿಗೆ ಕಾಣದು. ಕಾಣುವಂತಿದ್ದರೆ ರಾತ್ರಿಗೆ ನಾವು ಕತ್ತಲೆ ಎಂಬ ಹೆಸರನ್ನೇ ಇಡುತ್ತಿರಲಿಲ್ಲವೇನೊ. ಕಣ್ಣಿಗೆ ಎಟುಕುವುದು ಇದಕ್ಕಿಂತ ಸುಮಾರು 10 ಕಿಲೊಮೀಟರ್ ಮೇಲೆ, 97ರ ಆಸುಪಾಸಿನಲ್ಲಿ, ಆಮ್ಲಜನಕದ ಪರಮಾಣುಗಳು ಹೊರಸೂಸುವ ಮಸುಕು ಹಸಿರು. ಅದರ ತರಂಗಾಂತರ 557.7 ನ್ಯಾನೊಮೀಟರ್. ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರೋಮ್ 1868ರಲ್ಲೇ ಧ್ರುವಪ್ರಭೆಯಿಲ್ಲದ ಬರಿಯ ಆಕಾಶದಲ್ಲೂ ಈ ಹಸಿರು ಗೆರೆಯನ್ನು ಕಂಡಿದ್ದ. ಅದು ಆಮ್ಲಜನಕದ್ದೇ ಎಂದು ಕೆನಡಾದ ಮೆಕ್‌ಲೆನನ್ ಮತ್ತು ಶ್ರಮ್ 1925ರಲ್ಲಿ ಸಾಬೀತು ಮಾಡುವ ತನಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಒಗಟಾಗಿಯೇ ಉಳಿದಿತ್ತು. ಅವಕೆಂಪಿನ ಗೆರೆಗಳು ಓಎಚ್‌ನವು ಎಂದು ಏಡನ್ ಮೈನೆಲ್ ಗುರುತಿಸಿದ್ದು 1950ರಲ್ಲಿ. ಅದೇ ವರ್ಷ ಬೇಟ್ಸ್ ಮತ್ತು ನಿಕೊಲೆ ಮೇಲೆ ಹೇಳಿದ ಓಜೋನಿನ ಕಥೆಯನ್ನು ಮುಂದಿಟ್ಟರು.

ಖಗೋಳ ವಿಜ್ಞಾನಿಗಳಿಗೆ ಇದೇ ಬೆಳಕು ತಲೆನೋವು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕುಳಿತೇ ನಡೆಸುತ್ತಾರೆ. ದೂರದ ಗ್ಯಾಲಕ್ಸಿಯೊಂದರ ಬೆಳಕನ್ನು ಬಿಡಿಸಿ ಹರಡಿದಾಗ, ಕೆಂಪು ತುದಿಯಲ್ಲಿ ಓಎಚ್ ಗೆರೆಗಳು ಬೇಲಿಯ ಗೂಟಗಳಂತೆ ಸಾಲಾಗಿ ನಿಂತಿರುತ್ತವೆ. ಅವರು ಅವನ್ನು ಅಳೆದು, ಕಳೆದು, ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನಮಗೆ ಬೇಕಾದದ್ದು ಅವರು ಕಳೆದು ಬಿಡುವ ಆ ಗೂಟಗಳೇ.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಯಾರೂ ಹೋಗಿ ನೋಡದೆ, ಬರೀ ಬೆಳಕಿನಿಂದ ಥಂಡಿ ಅಳೆಯುವುದು ಹೇಗೆ?

ಕಮ್ಮಾರ ಕಾದ ಕಬ್ಬಿಣದ ಬಣ್ಣ ನೋಡಿ ಅದರ ಕಾವು ಹೇಳುತ್ತಾನಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಬ್ಬಿಣ ಬೆಳಗುವುದು ಕಾದದ್ದಕ್ಕೆ. ಓಎಚ್ ಬೆಳಗುವುದು ರಾಸಾಯನಿಕ ಕ್ರಿಯೆಯಿಂದ, ಕೊರೆಯುವ ಚಳಿಯ ನಡುವೆ. ಅದರ ಕಂಪನವನ್ನೇ ನಂಬಿ ಉಷ್ಣತೆ ಲೆಕ್ಕ ಹಾಕಿದರೆ ಸಾವಿರಾರು ಡಿಗ್ರಿಗಳ ಸುಳ್ಳು ಉತ್ತರ ಬರುತ್ತದೆ. ಆದರೆ ಅಣು ಕಂಪಿಸುವುದಷ್ಟೇ ಅಲ್ಲದೆ ಬುಗುರಿಯಂತೆ ತಿರುಗುತ್ತದೆ ಕೂಡ. ಆ ತಿರುಗುವಿಕೆ ಸುಳ್ಳು ಹೇಳುವುದಿಲ್ಲ. 87 ಕಿಲೊಮೀಟರಿನಲ್ಲಿ ಗಾಳಿ ಎಷ್ಟು ವಿರಳ ಎಂದರೆ ಅಣುವೊಂದು ಇನ್ನೊಂದಕ್ಕೆ ತಾಗಲು ಸುಮಾರು ಒಂದು ಸೆಂಟಿಮೀಟರ್ ಸಾಗಬೇಕು. ಆದರೂ ಸೆಕೆಂಡಿಗೆ ಹತ್ತಾರು ಸಾವಿರ ಡಿಕ್ಕಿಗಳಾಗುತ್ತವೆ. ಓಎಚ್ ಬೆಳಕು ಬಿಡುವುದಕ್ಕೆ ಕೆಲವು ಮಿಲಿಸೆಕೆಂಡುಗಳ ಬಿಡುವಿದೆ. ಅಷ್ಟರಲ್ಲಿ ಸುತ್ತಲಿನ ಸಾರಜನಕ, ಆಮ್ಲಜನಕಗಳು ನೂರಾರು ಸಲ ತಾಗಿ ಅದರ ತಿರುಗುವ ವೇಗವನ್ನು ತಮ್ಮ ಮಟ್ಟಕ್ಕೆ ತಂದಿರುತ್ತವೆ. ಹೊಸದಾಗಿ ಬಂದವರೂ ಊರಿನ ನಡಿಗೆಗೆ ಹೊಂದಿಕೊಂಡ ಹಾಗೆ.

ದಶಾಶ್ವಮೇಧ ಘಾಟಿನ ಮೆಟ್ಟಿಲುಗಳನ್ನು ನೆನೆಸಿಕೊಳ್ಳಿ. ಅಣುವಿನ ತಿರುಗುವ ಶಕ್ತಿಯೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿದೆ. ನಡುವಿನ ಶಕ್ತಿ ಅದಕ್ಕೆ ನಿಷಿದ್ಧ. ಒಂದೇ ವ್ಯತ್ಯಾಸವೆಂದರೆ ಘಾಟಿನ ಮೆಟ್ಟಿಲುಗಳು ಹೆಚ್ಚುಕಡಿಮೆ ಸಮವಾಗಿವೆ, ಅಣುವಿನವು ಮೇಲೆ ಹೋದಂತೆ ಎತ್ತರವಾಗುತ್ತವೆ. ಚಳಿ ಹೆಚ್ಚಿದ್ದರೆ ಬಹುಪಾಲು ಅಣುಗಳು ಕೆಳಗಿನ ಮೆಟ್ಟಿಲುಗಳಲ್ಲೇ ಗುಂಪುಗೂಡುತ್ತವೆ. ಸ್ವಲ್ಪ ಬೆಚ್ಚಗಾದರೆ ಕೆಲವು ಮೇಲಕ್ಕೆ ಹತ್ತುತ್ತವೆ. ಪ್ರತಿ ಮೆಟ್ಟಿಲಿನಿಂದ ಬರುವ ಬೆಳಕಿಗೂ ಅದರದೇ ತರಂಗಾಂತರವಿದೆ. ಹಾಗಾಗಿ ಇಡೀ ಘಾಟಿನ ಜನರನ್ನು ಎಣಿಸುವ ಅಗತ್ಯವಿಲ್ಲ. ಕೆಳಗಿನ ಒಂದು ಮೆಟ್ಟಿಲಿನ ಗೆರೆ, ಮೇಲಿನ ಒಂದು ಮೆಟ್ಟಿಲಿನ ಗೆರೆ, ಇವೆರಡರ ಪ್ರಕಾಶದ ಅನುಪಾತ ಸಿಕ್ಕರೆ ಸಾಕು, ಉಷ್ಣತೆ ಸಿಕ್ಕಿದಂತೆ. ಹೆಚ್ಚು ಬಳಕೆಯಲ್ಲಿರುವ ಒಂದು ಜೋಡಿ ಗೆರೆಗಳು 840 ಮತ್ತು 846.5 ನ್ಯಾನೊಮೀಟರಿನ ಬಳಿ ಇವೆ.

ನನಗೆ ಈ ವಿಧಾನದ ಜಾಣತನ ಅನುಪಾತದಲ್ಲೇ ಕಾಣುತ್ತದೆ. ಗಂಗೆಯ ಮೇಲೆ ತೆಳುವಾದ ಮಂಜು ಕವಿಯಲಿ, ಮಸೂರಕ್ಕೆ ದೂಳು ಮೆತ್ತಲಿ, ಅಕ್ಕಪಕ್ಕದ ಎರಡೂ ಗೆರೆಗಳು ಒಂದೇ ಪ್ರಮಾಣದಲ್ಲಿ ಮಂಕಾಗುತ್ತವೆ, ಅನುಪಾತ ಕೆಡುವುದಿಲ್ಲ. ಆದರೆ ಅದು ಬೇಡುವ ಸೂಕ್ಷ್ಮತೆ ದೊಡ್ಡದು. ಉಷ್ಣತೆ ಒಂದು ಡಿಗ್ರಿ ಏರಿದರೆ ಆ ಅನುಪಾತ ಬದಲಾಗುವುದು ಶೇಕಡಾ 0.6ರಷ್ಟು ಮಾತ್ರ. ಹಾಗಾಗಿ ಕ್ಯಾಮೆರಾದ ಸಂವೇದಕವನ್ನು ಸೊನ್ನೆಗಿಂತ ಎಷ್ಟೋ ಕೆಳಗೆ ತಂಪಾಗಿಸಿ, ಒಂದೊಂದು ಗೆರೆಗೆ ಒಂದೊಂದು ಕಿರಿದಾದ ಶೋಧಕ ಗಾಜನ್ನು ಸರದಿಯಂತೆ ತಿರುಗಿಸಿ, ಪ್ರತಿಯೊಂದಕ್ಕೂ ಒಂದು ನಿಮಿಷದಷ್ಟು ಹೊತ್ತು ಬೆಳಕು ಕೂಡಿಸುತ್ತಾರೆ. ಗೆರೆಯೇ ಇಲ್ಲದ ತರಂಗಾಂತರದಲ್ಲೂ ಒಂದು ಚಿತ್ರ ತೆಗೆದು, ಅಷ್ಟು ಹಿನ್ನೆಲೆ ಬೆಳಕನ್ನು ಕಳೆಯುತ್ತಾರೆ. ಬೀದಿಗಳಿಗೆ ಈಗ ಬಂದಿರುವ ಬಿಳಿ ಎಲ್‌ಇಡಿ ದೀಪಗಳು 700 ನ್ಯಾನೊಮೀಟರಿನ ಆಚೆ ಹೆಚ್ಚೇನೂ ಬೆಳಗುವುದಿಲ್ಲ. ಕಣ್ಣಿಗೆ ನಕ್ಷತ್ರವೇ ಕಾಣದ ಗಲ್ಲಿಯ ಆಕಾಶ ಈ ಶೋಧಕದ ಮೂಲಕ ನೋಡಿದರೆ ನಾವು ಅಂದುಕೊಂಡಷ್ಟು ಕೆಟ್ಟಿಲ್ಲ. ಹುಣ್ಣಿಮೆ ಮಾತ್ರ ಎಲ್ಲವನ್ನೂ ಮುಳುಗಿಸುತ್ತದೆ.

ಉತ್ತರ: ಅಲ್ಲಿ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗೆ. ಇದು ಎಂಟು ಕಿಲೊಮೀಟರ್ ದಪ್ಪದ ಪದರದ ಸರಾಸರಿ ಎಂಬುದನ್ನು ಮರೆಯಬಾರದು. ಲೆಕ್ಕಕ್ಕೆ ಬಳಸುವ ಅಣುಸಂಬಂಧಿ ಸ್ಥಿರಾಂಕಗಳು ಒಬ್ಬರಿಂದ ಒಬ್ಬರಿಗೆ ಬೇರೆಯಾದರೆ ಉತ್ತರ ಕೆಲವು ಡಿಗ್ರಿ ಆಚೀಚೆ ಆಗುತ್ತದೆ. ಹಾಗಾಗಿ ಒಟ್ಟು ಅಂಕಿಗಿಂತ ರಾತ್ರಿಯುದ್ದಕ್ಕೂ ಅದು ಏರಿಳಿಯುವ ರೀತಿಯನ್ನು ನಾನು ಹೆಚ್ಚು ನಂಬುತ್ತೇನೆ. ಅಲ್ಲಿನ ಗಾಳಿಯ ಅಲೆಗಳು ಕಾಣಸಿಗುವುದೂ ಆ ಏರಿಳಿತದಲ್ಲೇ.

ಗಲ್ಲಿಯ ಮೇಲಿನ ಆ ಅಲೆಗಳನ್ನು ನೋಡಲು ಗಲ್ಲಿಯಲ್ಲೇ ನಿಲ್ಲಬೇಕಿಲ್ಲ. ಪ್ರಯಾಗರಾಜದ ಎದುರು ದಡದ ಝೂಂಸಿಯಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ಪ್ರಯೋಗಾಲಯವೊಂದಿದೆ. ಅದಕ್ಕೆ ಕೆ. ಎಸ್. ಕೃಷ್ಣನ್ ಅವರ ಹೆಸರಿಟ್ಟಿದ್ದಾರೆ. ರಾಮನ್ ಪರಿಣಾಮದ ಶೋಧದಲ್ಲಿ ಸಿ. ವಿ. ರಾಮನ್ ಅವರ ಜತೆಗಾರರಾಗಿದ್ದು, 1942ರಿಂದ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದವರು ಅವರು. ಅಣುಗಳ ಬೆಳಕನ್ನು ಓದಿದ ಮನುಷ್ಯನ ಹೆಸರು ಅಲ್ಲಿರುವುದು ನನಗೆ ತುಂಬಾ ಹಿಡಿಸಿತು. ಅಲ್ಲಿಂದ ವಾಯುದೀಪ್ತಿಯ ಚಿತ್ರ ತೆಗೆದಿರುವ ಕ್ಯಾಮೆರಾಕ್ಕೆ ಮೀನಿನ ಕಣ್ಣಿನಂಥ ಮಸೂರವಿದೆ. ಇಡೀ ಆಕಾಶ ಅದರಲ್ಲಿ ಒಂದು ತಟ್ಟೆಯಾಗಿ ಬೀಳುತ್ತದೆ. ಝೂಂಸಿಯಿಂದ ವಿಶ್ವನಾಥ ಗಲ್ಲಿಗೆ ನೇರ ದೂರ ಸುಮಾರು 110 ಕಿಲೊಮೀಟರ್. 87 ಕಿಲೊಮೀಟರ್ ಎತ್ತರದ ಪದರವನ್ನು ಅಲ್ಲಿಂದ ನೋಡಿದರೆ ಗಲ್ಲಿಯ ನೆತ್ತಿಯ ಭಾಗ ಪೂರ್ವಕ್ಕೆ, ದಿಗಂತದಿಂದ 38 ಡಿಗ್ರಿ ಮೇಲೆ ಬರುತ್ತದೆ. ಗಲ್ಲಿಯೊಳಗೆ ನಿಂತವರಿಗೆ ಒಂದು ಸೀಳಿನಷ್ಟು ಕಾಣುವ ಆಕಾಶ ಪಕ್ಕದ ಊರಿನ ಕ್ಯಾಮೆರಾಕ್ಕೆ ಸುತ್ತಣ ನೂರಾರು ಕಿಲೊಮೀಟರ್ ಸಮೇತ ಕಾಣುತ್ತದೆ. ಗಲ್ಲಿಯಿಂದ ನಡೆದು ಹೋಗುವಷ್ಟು ಹತ್ತಿರದ ಮಾನ್‌ಮಹಲಿನ ಮಹಡಿಯಲ್ಲಿ ಸವಾಯಿ ಜೈಸಿಂಗ್ 18ನೇ ಶತಮಾನದಲ್ಲಿ ಕಟ್ಟಿಸಿದ ಕಲ್ಲಿನ ಯಂತ್ರಗಳೂ ಕೋನಗಳನ್ನೇ ಅಳೆಯುತ್ತಿದ್ದವು. ಹೋಗಲಾಗದ ಜಾಗವನ್ನು ಕೋನ ಹಿಡಿದು ತಲುಪುವುದು ಈ ಊರಿಗೆ ಹೊಸತಲ್ಲ.

ಅಲೆಗಳೆಂದೆ. ಇವು ಕಪ್ಪುಕುಳಿಗಳ ಡಿಕ್ಕಿಯಿಂದ ಹುಟ್ಟುವ ಗುರುತ್ವ ತರಂಗಗಳಲ್ಲ. ಹೆಸರು ಹತ್ತಿರವಿರುವುದರಿಂದ ಗೊಂದಲವಾಗುತ್ತದೆ. ಗಾಳಿಯ ಮುದ್ದೆಯೊಂದನ್ನು ಮೇಲಕ್ಕೆ ತಳ್ಳಿದರೆ ಅದು ಹಿಗ್ಗಿ ತಂಪಾಗಿ ಸುತ್ತಲಿಗಿಂತ ಭಾರವಾಗುತ್ತದೆ, ಕೆಳಗೆ ಬೀಳುತ್ತದೆ. ಬಿದ್ದ ರಭಸಕ್ಕೆ ಮಟ್ಟ ದಾಟಿ ಇಳಿದು ಬಿಸಿಯಾಗಿ ಮತ್ತೆ ಏಳುತ್ತದೆ. ಈ ಏಳುಬೀಳು ಹರಡುವುದೇ ಗಾಳಿಯ ಗುರುತ್ವದಲೆ. ಅರ್ಧ ಕಿಲೊಮೀಟರ್ ಎತ್ತಿದ ಗಾಳಿ ಸುಮಾರು 5 ಡಿಗ್ರಿ ತಂಪಾಗುತ್ತದೆ. ಹಾಗಾಗಿ ಅಲೆಯೊಂದು ದಾಟಿಹೋದರೆ ಓಎಚ್ ಪದರದ ಉಷ್ಣತೆಯಲ್ಲಿ ಅದರ ಗುರುತು ಬೀಳುತ್ತದೆ. ಚಿತ್ರದಲ್ಲಿ ಅಲೆಗಳು ಕಪ್ಪುಬಿಳಿ ಪಟ್ಟೆಗಳಾಗಿ, ದೋಣಿ ಹೋದ ಮೇಲೆ ಗಂಗೆಯಲ್ಲಿ ಉಳಿಯುವ ಸಾಲುಗಳಂತೆ, ಹತ್ತಾರು ಕಿಲೊಮೀಟರಿಗೆ ಒಂದರಂತೆ ಸರಿಯುತ್ತವೆ.

ಹುಟ್ಟುವಾಗ ಇವು ಬಹಳ ಸಣ್ಣವು. ಬೆಟ್ಟಕ್ಕೆ ಗಾಳಿ ಬಡಿದಾಗ, ಗುಡುಗು ಮೋಡ ಉಕ್ಕಿದಾಗ ಏಳುವ ನಡುಕ ಅಷ್ಟೇ. ಆದರೆ ಮೇಲೇರಿದಂತೆ ಗಾಳಿ ವಿರಳವಾಗುತ್ತದೆ. 87 ಕಿಲೊಮೀಟರಿನಲ್ಲಿ ಸಾಂದ್ರತೆ ನೆಲದ ಗಾಳಿಯ ಒಂದೂವರೆ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಲೆಯ ಶಕ್ತಿ ಮಾತ್ರ ಅಷ್ಟೇ ಉಳಿದಿದೆ. ಪಲ್ಲಕ್ಕಿ ಹೊರುವವರು ಒಬ್ಬೊಬ್ಬರಾಗಿ ಕಳಚಿಕೊಂಡರೆ ಉಳಿದವರ ತೂಗಾಟ ಹೆಚ್ಚುವುದಿಲ್ಲವೆ, ಹಾಗೆ. ದಾರಿಯಲ್ಲಿ ಏನೂ ಸೋರದಿದ್ದರೆ ತೂಗಾಟ 400 ಪಟ್ಟು ಬೆಳೆಯಬೇಕು. ಅಷ್ಟು ಬೆಳೆಯುವ ಮೊದಲೇ ಹೆಚ್ಚಿನವು ದಡಕ್ಕೆ ಬಂದ ಅಲೆಯಂತೆ ಒಡೆಯುತ್ತವೆ.

ಒಂದೇ ಪದರ ನೋಡಿದರೆ ಅಲೆಯ ಅಡ್ಡಳತೆ ತಿಳಿಯುತ್ತದೆ, ನಿಲುವಳತೆ ತಿಳಿಯದು. ಅದಕ್ಕೆ 94 ಕಿಲೊಮೀಟರಿನ ಬಳಿ ಆಮ್ಲಜನಕದ ಅಣುಗಳು ಬೀರುವ ಇನ್ನೊಂದು ದೀಪ್ತಿಯನ್ನೂ ಅಳೆಯುತ್ತಾರೆ. ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ಸಂಗತಿಯಿದೆ. ಶಕ್ತಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದರೂ ಬೆಚ್ಚಗಿನ ಶಿಖರ ಮೊದಲು ಕಾಣುವುದು ಮೇಲಿನ ಪದರದಲ್ಲಿ, ಆಮೇಲೆ ಕೆಳಗೆ. ಇಂಥ ಅಲೆಗಳಲ್ಲಿ ಏಣುಗಳು ಇಳಿಯುತ್ತಿರುವಾಗ ಶಕ್ತಿ ಏರುತ್ತಿರುತ್ತದೆ. 1960ರಲ್ಲಿ ಕಾಲಿನ್ ಹೈನ್ಸ್ ಬರೆದ ಪ್ರಬಂಧ ಈ ಗಣಿತವನ್ನು ಬಿಡಿಸಿಟ್ಟಿತು. ಉದಾಹರಣೆಗೆ, ನಾಲ್ಕು ಗಂಟೆಗೊಮ್ಮೆ ಏರಿಳಿಯುವ ಅಲೆಯೊಂದು ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಒಂದು ಗಂಟೆ ಮುಂಚೆ ಶಿಖರ ಮುಟ್ಟಿತು ಎನ್ನಿ. ಆ ಒಂದು ಗಂಟೆ ಅಲೆಯ ಕಾಲು ಭಾಗ, ಪದರಗಳ ನಡುವಿನ ಅಂತರ 7 ಕಿಲೊಮೀಟರ್. ಅಂದರೆ ಅಲೆಯ ನಿಲುವಳತೆ 28 ಕಿಲೊಮೀಟರ್. ಎರಡು ದೀಪಗಳ ನಡುವಿನ ಒಂದು ಗಂಟೆಯಿಂದ ಇಷ್ಟು ಸಿಗುತ್ತದೆ.

ಕೆಲವು ಸಲ ಸಾಲುಸಾಲು ಅಲೆಗಳ ಬದಲು ಒಂದೇ ಗೋಡೆಯಂಥ ಅಲೆ ಆಕಾಶವನ್ನು ದಾಟುತ್ತದೆ. ಸಮುದ್ರದ ಉಬ್ಬರ ಹೂಗ್ಲಿಯೊಳಗೆ ನುಗ್ಗಿ ನೀರಿನ ಗೋಡೆಯಾಗಿ ಮೇಲೇರುವುದನ್ನು ಬಂಗಾಳದವರು ನೋಡಿದ್ದಾರೆ. ಗಂಗೆಯದೇ ಕವಲಿನಲ್ಲಿ ನಡೆಯುವ ಆ ಸಂಗತಿಯ ತದ್ರೂಪು ಮಧ್ಯಂತರ ಮಂಡಲದಲ್ಲೂ ಇದೆ. 1993ರ ಅಕ್ಟೋಬರಿನಲ್ಲಿ ಹವಾಯಿಯ ಮೇಲೆ ಇಂಥದ್ದು ಸೆರೆ ಸಿಕ್ಕಾಗ, ಓಎಚ್ ಪದರ ಹೊಳಪೇರಿದ ಹೊತ್ತಿಗೇ ಮೇಲಿನ ಹಸಿರು ಪದರ ಮಂಕಾಗಿತ್ತು. ನಮ್ಮ ತಿರುನೆಲ್ವೇಲಿಯ ಕ್ಯಾಮೆರಾವೂ ಇಂಥ ಗೋಡೆಯಲೆಯನ್ನು ಕಂಡಿದೆ.

ಈ ಅಲೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ಧ್ರುವದ ಬೇಸಿಗೆಯನ್ನು ತೋರಿಸುತ್ತೇನೆ. ಇಪ್ಪತ್ನಾಲ್ಕು ಗಂಟೆ ಬಿಸಿಲಿರುವಾಗ ಧ್ರುವಗಳ ಮೇಲಿನ ಇದೇ ಎತ್ತರ ಬೆಚ್ಚಗಿರಬೇಕಿತ್ತು. ಆದರೆ ಅಲ್ಲಿ ಆಗ ಸೊನ್ನೆಗಿಂತ 130 ಡಿಗ್ರಿಗೂ ಕೆಳಗಿನ ಚಳಿ. ಭೂಮಿಯ ವಾತಾವರಣದಲ್ಲೇ ಅತಿ ತಂಪಾದ ಜಾಗ ಅದು. ಕಾರಣ, ಒಡೆಯುವ ಅಲೆಗಳು ಗಾಳಿಯನ್ನು ಎಳೆದು, ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವಕ್ಕೆ ಹರಿಯುವಂತೆ ಮಾಡುತ್ತವೆ. ಹರಿದುಹೋದ ಜಾಗಕ್ಕೆ ಕೆಳಗಿನ ಗಾಳಿ ಏರಿ, ಹಿಗ್ಗಿ, ತಣ್ಣಗಾಗುತ್ತದೆ. ಸೂರ್ಯನ ಬಿಸಿಯನ್ನೂ ಮೀರಿಸುವ ಕೆಲಸ ಈ ಸಣ್ಣ ನಡುಕಗಳದ್ದು. ಅವುಗಳ ಲೆಕ್ಕ ತಪ್ಪಿದ ವಾತಾವರಣದ ಮಾದರಿಯಲ್ಲಿ ಋತುಗಳೇ ತಲೆಕೆಳಗಾಗುತ್ತವೆ.

ಕಾಶಿಯ ಆಕಾಶಕ್ಕೆ ಅಲೆಗಳ ಕೊರತೆಯಿಲ್ಲ. ಉತ್ತರಕ್ಕೆ ಹಿಮಾಲಯ, ಆಗ್ನೇಯಕ್ಕೆ ಬಂಗಾಳ ಕೊಲ್ಲಿ, ಬೇಸಿಗೆಯ ಕೊನೆಗೆ ಬಿರುಗಾಳಿಯ ಮಳೆ, ಜೂನ್ ಕಳೆದರೆ ಮುಂಗಾರು. ನೋವಿನ ಸಂಗತಿಯೆಂದರೆ ಅತಿ ಹೆಚ್ಚು ಅಲೆಗಳನ್ನು ಎಬ್ಬಿಸುವ ಮೋಡಗಳೇ ಅವನ್ನು ನಮ್ಮಿಂದ ಮರೆಮಾಡುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಬಯಲುಸೀಮೆಯ ಕ್ಯಾಮೆರಾ ಬಹುತೇಕ ಕುರುಡು. ಆಗ ಮೇಲಿನಿಂದ ಕೆಳಗೆ ನೋಡಬೇಕು. ಅಮೆರಿಕದ ನಾಸಾ 2023ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ‘ಆ’ (AWE) ಎಂಬ ಉಪಕರಣ ಮಾಡಿದ್ದು ಇದನ್ನೇ. ‘ವಾತಾವರಣದ ಅಲೆಗಳ ಪ್ರಯೋಗ’ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರದು. ವಿಧಾನ ಅದೇ, ಓಎಚ್ ಗೆರೆಗಳ ಅನುಪಾತ. 2024ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಹೆಲೀನ್ ಚಂಡಮಾರುತದಿಂದ ಎದ್ದ ಅಲೆಗಳು ಕೊಳಕ್ಕೆ ಕಲ್ಲು ಬಿದ್ದಂತೆ ಉಂಗುರ ಉಂಗುರವಾಗಿ ಮಧ್ಯಂತರ ಮಂಡಲದಲ್ಲಿ ಹರಡಿದ್ದನ್ನು ಅದು ತೋರಿಸಿತು. ನಮ್ಮ ಮುಂಗಾರಿನ ಮೋಡಗಳ ಮೇಲೂ ಆ ನಿಲ್ದಾಣದ ದಾರಿ ಹಾಯುತ್ತದೆ.

ಮಂಗಳಾರತಿ ಮುಗಿಸಿ ಹೊರಬಂದಾಗ ಗಲ್ಲಿಯಲ್ಲಿ ಮಲೈಯೊ ಮಾರುವವರು ಇನ್ನೂ ಬಂದಿರಲಿಲ್ಲ. ಕಾಯಿಸಿದ ಹಾಲನ್ನು ರಾತ್ರಿಯಿಡೀ ತೆರೆದ ಆಕಾಶದ ಕೆಳಗೆ ಇಬ್ಬನಿಗಿಟ್ಟು, ಬೆಳಗಿನ ಜಾವ ಕಡೆದು ನೊರೆ ತೆಗೆಯುತ್ತಾರೆ. ಅದು ಚಳಿಗಾಲದ ತಿನಿಸು. ಅಜ್ಜಿ ಎಲ್ಲೂ ಕಾಣಲಿಲ್ಲ. ಸೀಳು ಇನ್ನೂ ಕಪ್ಪಾಗಿಯೇ ಇತ್ತು. ಗಲ್ಲಿಗೆ ಬೆಳಗಾಗುವುದಕ್ಕೆ ಸುಮಾರು 40 ನಿಮಿಷ ಮೊದಲೇ 87 ಕಿಲೊಮೀಟರ್ ಮೇಲೆ ಸೂರ್ಯೋದಯವಾಗುತ್ತದೆ. ಅಲ್ಲಿ ಬಿಸಿಲು ತಾಗಿದೊಡನೆ ಓಜೋನ್ ಒಡೆಯತೊಡಗುತ್ತದೆ, ಓಎಚ್ ಹುಟ್ಟುವುದು ಕಡಿಮೆಯಾಗುತ್ತದೆ. ಅದಕ್ಕೂ ಮೊದಲೇ, ಪೂರ್ವದ ಅಂಚು ತಿಳಿಯಾಗುವ ಮುಂಚೆಯೇ, ಇಂಥ ಕ್ಯಾಮೆರಾಗಳು ಕಣ್ಣು ಮುಚ್ಚಿಕೊಳ್ಳುತ್ತವೆ.